ಒತ್ತಿದ ಅಕ್ಷರ ಎಲ್ಲಿ ಮೂಡಬೇಕು

ಹೆಂಡತಿ ತೀರಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ನಾನು ಕೆಲಸಕ್ಕೆ ಹೋಗುತ್ತಿದ್ದೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿರುವ ಒಂದು ರಕ್ತಪರೀಕ್ಷೆ ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾರಾದರೂ ಮಾತನಾಡಿಸಿದರೆ ಉತ್ತರ ಕೊಡುತ್ತಿದ್ದೆ. ಅಳು ಬರುತ್ತಿರಲಿಲ್ಲ, ಹಸಿವೂ ಇರಲಿಲ್ಲ.

ಆ ದಿನ ಲ್ಯಾಬಿನ ಹರಿಹರದ ಶಾಖೆಯಿಂದ ಫೋನ್ ಬಂತು. ಮಾತನಾಡಿದವರು ಅಲ್ಲಿ ರೋಗಿಗಳ ಹೆಸರು ಟೈಪ್ ಮಾಡುವ ಹೆಂಗಸು. ಐವತ್ತು ದಾಟಿದವರು, ಮನೆಯಲ್ಲಿ ಉರ್ದು, ಕೌಂಟರಿನಲ್ಲಿ ಕನ್ನಡ.

"ಸರ್, ಒಬ್ಬ ಅಜ್ಜಾರ ರಿಪೋರ್ಟ್‌ನಾಗೆ ಹೆಸ್ರು ತಪ್ಪೈತೆ. ಡಾಕ್ಟ್ರು ವಾಪಸ್ ಕಳ್ಸ್ಯಾರೆ. ಎಲ್ರೂ ನನ್ನೇ ಅಂತಾರೆ. ಒಂದ್ಸಲ ಬಂದು ನೋಡ್ರಿ."

ಬಸ್ಸು ಹತ್ತಿ ಹೋದೆ. ಅಜ್ಜ ಬೆಂಚಿನ ಮೇಲೆ ಕೂತಿದ್ದರು. ರಿಪೋರ್ಟಿನಲ್ಲಿ ಅವರ ಹೆಸರಿನ ಕೊನೆಯ 'ಪ್ಪ' ಎರಡು ಸಲ ಬಿದ್ದಿತ್ತು. ನಾನು ಆ ಹೆಂಗಸಿನ ಹಿಂದೆ ನಿಂತು ನೋಡಿದೆ. ಅವರ ಬೆರಳು ಚುರುಕು. ಒತ್ತಿದರು, ಪರದೆಯಲ್ಲಿ ಏನೂ ಮೂಡಲಿಲ್ಲ. ಮತ್ತೆ ಒತ್ತಿದರು. ಆಮೇಲೆ ಎರಡೂ ಒಟ್ಟಿಗೆ ಬಂದವು. ಅಳಿಸಲು ಹೋದರೆ ಬೇಕಾದದ್ದೂ ಅಳಿಸಿಹೋಯಿತು.

ತಪ್ಪು ನನ್ನದೇ. ಒತ್ತಿದ ಪ್ರತಿ ಅಕ್ಷರ ದಾವಣಗೆರೆಯಲ್ಲಿರುವ ಮುಖ್ಯ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ ಹೋಗಿ, ಅದು ತಿರುಗಿ ಕಳಿಸಿದ ಮೇಲೆಯೇ ಇಲ್ಲಿ ಕಾಣುವಂತೆ ಮಾಡಿದ್ದೆ. ಎಲ್ಲ ಒಂದೇ ಕಡೆ ಇದ್ದರೆ ನನಗೆ ಸುಲಭ ಎಂದು. ಲೈನು ನಿಧಾನವಾದ ದಿನ ಏನಾಗುತ್ತದೆಂದು ಯೋಚಿಸಿರಲಿಲ್ಲ. ಇದನ್ನು ಅವರಿಗೆ ಹೇಳಿದೆ.

"ಅಲ್ರಿ, ನಾನು ಬರೆದಿದ್ದು ನಂಗೇ ಕಾಣಾಕೆ ದಾವಣಗೆರೆಗೆ ಹೋಗಿ ಬರ್ಬೇಕೇನ್ರಿ?" ಅಂದರು.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಕೂತು ಬದಲಾಯಿಸಿದೆ. ಅಕ್ಷರ ಇಲ್ಲೇ ಮೂಡಲಿ, ತಿದ್ದುವುದೂ ಇಲ್ಲೇ ಆಗಲಿ. ಎಂಟರ್ ಒತ್ತಿದ ಮೇಲೆ ಇಡೀ ಸಾಲು ದಾವಣಗೆರೆಗೆ ಹೋಗಲಿ. ಮಧ್ಯಾಹ್ನ ಮುಗಿಯುವ ಹೊತ್ತಿಗೆ ಆಯಿತು.

ಅವರು ಲಾಗಿನ್ ಆಗಲು ಕೂತರು. ತಟ್ಟನೆ ಅಂಗೈಯಿಂದ ಪರದೆ ಮುಚ್ಚಿದರು. ಒತ್ತಿದ್ದೆಲ್ಲ ಇಲ್ಲೇ ಮೂಡುವಂತೆ ಮಾಡಿದ್ದರಿಂದ ಈಗ ಪಾಸ್‌ವರ್ಡೂ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. ಒಬ್ಬ ಗಂಡಸಿನ ಹೆಸರು. ನಾನು ಆಗಲೇ ಓದಿಬಿಟ್ಟಿದ್ದೆ.

"ನಮ್ಮನೆಯೋರ ಹೆಸ್ರು," ಅಂದರು. "ಹೋಗಿ ಒಂಬತ್ತು ವರ್ಷ ಆತು."

"ನಮ್ಮನೆಯವಳೂ ಹೋದ ತಿಂಗಳು ಹೋದಳು," ಅಂದೆ. ಯಾರೂ ಕೇಳದೆ ನಾನಾಗಿ ಹೇಳಿದ್ದು ಅದೇ ಮೊದಲು. ಆಗಲೂ ಒಳಗೆ ಏನೂ ಅಲುಗಲಿಲ್ಲ.

ಅವರು ಸಮಾಧಾನ ಹೇಳಲಿಲ್ಲ. "ಕೂಡ್ರಿ," ಎಂದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟರು. ಕುಡಿದೆ.

ಪಾಸ್‌ವರ್ಡು ಕೇಳುವುದು ಯಾವಾಗ ಎಂಬುದು ಆ ಸರ್ವರ್‌ಗೆ ಮಾತ್ರ ಗೊತ್ತು. ಹಾಗಾಗಿ ಆ ಒಂದು ಸಾಲಿಗೆ ಮಾತ್ರ, ಅಕ್ಷರ ತೋರಿಸಬೇಡ ಎಂದು ಅಲ್ಲಿಂದ ಹೇಳಿ ಕಳಿಸುವಂತೆ ಮಾಡಿದೆ. ಹೊಸ ಪಾಸ್‌ವರ್ಡು ಹಾಕಿಕೊಳ್ಳಿ ಅಂದೆ. "ಬ್ಯಾಡ್ರಿ, ಅದೇ ಇರ್ಲಿ," ಅಂದರು. ನಾನು ಒತ್ತಾಯಿಸಲಿಲ್ಲ.

ಆಮೇಲೆ ಅವರು ಅಜ್ಜನ ಹೆಸರನ್ನು ಒಂದೇ ಸಲಕ್ಕೆ ಟೈಪ್ ಮಾಡಿ, ಜೋರಾಗಿ ಓದಿ ಹೇಳಿ, ಹೊಸ ರಿಪೋರ್ಟು ಕೊಟ್ಟರು. ಅಜ್ಜ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕನ ಫೋನು. "ಉಂಡ್ಯೇನೋ?" ಎಂದಳು. ನೆನಪಾಗಲಿಲ್ಲ. ಇಳಿದು ಎದುರಿಗಿದ್ದ ಹೋಟೆಲಿಗೆ ಹೋಗಿ ಊಟ ಹೇಳಿದೆ. ರುಚಿ ತಿಳಿಯಲಿಲ್ಲ, ಆದರೆ ತಟ್ಟೆ ಖಾಲಿಯಾಯಿತು.