ಮರ್ವಿನ್ ಕಟ್ಟಿದ ತಾಮ್ರಗಣ್ಣಿ

ಬೆಳಿಗ್ಗೆ ಶಾಲೆಯ ಬಸ್ಸನ್ನು ಶೆಡ್ಡಿನಿಂದ ತೆಗೆಯುವ ಮೊದಲು ಮರ್ವಿನ್ ಪೆಂಗೆಲಿ ಚಾಲಕನ ಸೀಟಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತಾನೆ. ತಾಯಿಯನ್ನು ಮಣ್ಣು ಮಾಡಿದ ದಿನವೂ ಬರೆದಿದ್ದ. ಒಂದು ವರ್ಷದಿಂದ ಆ ಸಾಲುಗಳೆಲ್ಲ ಒಬ್ಬಳ ಬಗ್ಗೆಯೇ. ಅವಳ ಹೆಸರು ತಾಮ್ರಗಣ್ಣಿ.

ಅವಳು ನೆಲದಡಿಯ ಕಿರುಜನರ ರಾಣಿ, ಒಂದು ಸುಳ್ಳೂ ಹೇಳದೆ ಊರನ್ನೇ ಮೋಸ ಮಾಡುವ ಮಾಯಾವಿ. ಇರುವುದು ಶನಿವಾರ ಮಧ್ಯಾಹ್ನದ ಆಟದಲ್ಲಿ ಮಾತ್ರ. ಹಳೆಯ ತಾಮ್ರದ ಗಣಿಯೂರು ಮೂಂಟಾದಲ್ಲಿ ನಮ್ಮ ಚಾಪೆಲಿನ, ಅಂದರೆ ಪುಟ್ಟ ಚರ್ಚಿನ, ಹಿಂದಿನ ಕೋಣೆಯಲ್ಲಿ ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲೇ ಕಥೆ ಆಡುತ್ತಾರೆ. ಕಥೆ ನಡೆಸುವವನು ಮರ್ವಿನ್. ಅನುಮಾನ ಬಂದ ಕಡೆ ದಾಳ ತೀರ್ಪು ಹೇಳುತ್ತದೆ. ಬಾಯಿಂದ ಬಂದ ಮಾತು ನಡೆದುಹೋದಂತೆಯೇ, ಇದು ಆ ಮೇಜಿನ ಕಟ್ಟಳೆ.

ಆರು ವರ್ಷದ ಹಿಂದೆ ಅವನು ಆಟಕ್ಕೆಂದು ಇಂಥವಳೇ ಒಬ್ಬ ಮಾಯಾವಿಯನ್ನು ಕಟ್ಟಿದ್ದ. ಬೇಕರಿಯ ಕೋರಲ್ ಅವಳನ್ನು ಗೆಲ್ಲುವ ಉಪಾಯ ಹುಡುಕಿದಾಗ ಮರ್ವಿನ್ ತನ್ನ ಮುಂದೆ ನಿಲ್ಲಿಸಿಕೊಂಡಿದ್ದ ರಟ್ಟಿನ ಮರೆಯ ಹಿಂದೆ ದಾಳ ಉರುಳಿಸಿ, "ಆಗ್ಲಿಲ್ಲ" ಎಂದಿದ್ದ. ಕೋರಲ್ ಎದ್ದು ಮರೆಯಾಚೆ ಬಗ್ಗಿ ನೋಡಿದಳು. ದಾಳ ಅವಳ ಕಡೆಗೇ ಬಿದ್ದಿತ್ತು. ಅವಳು ಕೋಟು ಹಾಕಿಕೊಂಡು ಹೋದವಳು ಮತ್ತೆ ಬರಲಿಲ್ಲ. ಚಿಕ್ಕಂದಿನಿಂದ ಜೊತೆಗಿದ್ದ ಇಬ್ಬರೂ ಅಂಗಡಿಯಲ್ಲಿ ಬರೀ ಮಳೆ ಬಿಸಿಲಿನ ಮಾತಾಡುವಂತಾಯಿತು.

ಕಳೆದ ತಿಂಗಳು ಮರ್ವಿನ್ ಅವಳ ಅಂಗಡಿಗೆ ಹೋಗಿ, ಬಾ ಎಂದು ಕರೆದ.

"ಆ ರಟ್ಟು ಇನ್ನೂ ಇದ್ಯಾ?" ಎಂದಳಂತೆ ಕೋರಲ್.

"ಕೋಳಿಗೂಡಿಗೆ ಮೊಳೆ ಹೊಡ್ದು ಹಾಕಿದೀನಿ. ಗಾಳಿ ತಡೀತಿದೆ."

"ಒಂದ್ಸಲ ಬರ್ತೀನಿ. ಮತ್ತೆ ಹಾಗೇ ಮಾಡಿದ್ರೆ ನಿನ್ ಮುಖ ನೋಡಲ್ಲ, ಮರ್ವ್."

ಅವಳು ಬಂದ ಶನಿವಾರ ನಾನು ಮರುದಿನದ ಆರಾಧನೆಗೆ ಹೂ ಜೋಡಿಸುತ್ತ ಅದೇ ಕೋಣೆಯಲ್ಲಿದ್ದೆ. ಕಥೆಯಲ್ಲಿ ತಾಮ್ರಗಣ್ಣಿ ಒಂದು ಊರಿನವರ ಹೆಸರುಗಳನ್ನೆಲ್ಲ ಕದ್ದಿದ್ದಳು. ಗಣಿಯ ಬಾಯಲ್ಲಿ ಕೂತು ಮರ್ವಿನ್ನನ ಗಂಟಲಿನಿಂದ ನಯವಾಗಿ ಮಾತಾಡಿದಳು: "ಎಲ್ಲ ಹೆಸ್ರೂ ವಾಪಸ್ ಕೊಡ್ತೀನಿ, ಕಂದಮ್ಮಗಳಾ. ನಿಮ್ ಹತ್ರ ಇದ್ದೂ ನೀವು ಇದುವರೆಗೂ ನೆನಪೇ ಮಾಡ್ಕೊಳ್ದೇ ಇರೋದು ಒಂದೊಂದು ಕೊಡಿ ಸಾಕು."

"ಕೊಟ್ಬಿಡೋಣ" ಎಂದ ನಿವೃತ್ತ ಅಂಚೆಯವ ಡೆಸ್.

"ಬಾಯ್ಮುಚ್ಕೊಂಡಿರು, ಡೆಸ್. ಹೋದ್ವಾರ ಆಟದಲ್ಲಿ ಕುದ್ರೆ ಕೊಟ್ಟೋನೂ ನೀನೇ" ಎಂದ ಅವನ ಪಕ್ಕ ಕೂತಿದ್ದ ಇನ್ನೊಬ್ಬ.

ಕೋರಲ್ ತನ್ನ ಮುಂದಿದ್ದ ಪಾಸ್ಟಿಯನ್ನು, ಮಾಂಸ ಆಲೂಗಡ್ಡೆ ತುಂಬಿ ಅಂಚು ಮಡಚಿ ಬೇಯಿಸಿದ ಕಡುಬನ್ನು, ನೋಡಿದಳು. ಅವಳ ಅಜ್ಜ ಗಣಿಯವನು. ಗಣಿಯವರು ಪಾಸ್ಟಿಯ ಅಂಚಿನ ತುಂಡನ್ನು ಕೆಳಗಿನ ಕಿರುಜನರಿಗೆಂದು ಕತ್ತಲಲ್ಲೇ ಬಿಟ್ಟು ಬರುತ್ತಿದ್ದರು, ಏನೂ ಕೇಳದೆ.

"ನನ್ ಬುತ್ತೀಲಿರೋ ಪಾಸ್ಟಿಯ ಅಂಚು ಮುರ್ದು ಅವಳ ಮುಂದೆ ಇಡ್ತೀನಿ" ಎಂದಳು. "ಹಸಿದಿರ್ತೀಯ, ತಿನ್ನು. ನಂಗೇನೂ ಬೇಡ ಅಂತೀನಿ."

ಮರ್ವಿನ್ ದಾಳ ಕೈಗೆತ್ತಿಕೊಂಡ. ಈ ಸಲ ಅವನು ತನ್ನ ರಾಣಿಯಲ್ಲಿ ಬೇಕೆಂದೇ ಒಂದು ಬಿರುಕು ಇಟ್ಟಿದ್ದ: ಬದಲಿಗೆ ಏನೂ ಕೇಳದೆ ಕೊಟ್ಟದ್ದನ್ನು ತಿಂದರೆ ಅವಳ ಮಾಯೆಯೆಲ್ಲ ಕಳಚಬೇಕು. ಅದು ಯಾರಿಗಾದರೂ ಹೊಳೆಯಲು ಮೂರು ತಿಂಗಳು ಬೇಕೆಂದು ಲೆಕ್ಕ ಹಾಕಿದ್ದ. ಅವಳು ಆಟಕ್ಕೆ ಬಂದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ರಾಣಿಗೆ ಅನುಮಾನ ಬಂದೀತೇ? ಇಪ್ಪತ್ತು ಮುಖದ ದಾಳವನ್ನು ಅವನು ಎಲ್ಲರೂ ಕಾಣುವಂತೆ ಮೇಜಿನ ನಡುವೆ ಉರುಳಿಸಿದ. ನಾಲ್ಕು ಬಿತ್ತು, ಅನುಮಾನ ಬರಲು ಸಾಲದು.

"ತಿಂದ್ಳು" ಎಂದ ಮರ್ವಿನ್.

ಡೆಸ್ ಮೇಜು ಬಡಿದು ನಕ್ಕ. ಕೋರಲ್ ನಗಲಿಲ್ಲ. ಅವಳ ಕಣ್ಣು ಆ ದಪ್ಪ ನೋಟ್‌ಬುಕ್ಕಿನ ಮೇಲಿತ್ತು.

"ಇನ್ನೂ ಎಷ್ಟಿತ್ತು ಮರ್ವ್, ಅದ್ರಲ್ಲಿ?"

"ಸುಮಾರಿದೆ. ಅವಳಿಗೆ ಮೂರು ವೇಷ ಇತ್ತು. ಒಂದು ಅರಮನೆ ಇತ್ತು."

"ಹಂಗಾದ್ರೆ ಕೇಳು ಮಾರಾಯ. ನಾನು ಆ ಮಾತು ಆಡೇ ಇಲ್ಲ ಅಂದ್ಕೋ. ಬಾಯಿ ತಪ್ಪಿ ಬಂತು ಅಂತ ವಾಪಸ್ ತಗೋತೀನಿ. ಒಂದ್ವರ್ಷದ ಕೆಲ್ಸ ಅಲ್ವಾ? ನಂಗೇನೂ ಬೇಜಾರಿಲ್ಲ, ಮುಂದಿನ್ವಾರನೂ ಬರ್ತೀನಿ."

ಮರ್ವಿನ್ ಪುಟಗಳ ಅಂಚನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿದ. ಆಮೇಲೆ ಪುಸ್ತಕ ಮುಚ್ಚಿ ಕುರ್ಚಿಯ ಕೆಳಗಿಟ್ಟ.

"ಬೇಡ, ಕೋರಲ್" ಎಂದ. "ಅವಳು ತಿಂದಾಯ್ತು."