ಹೊಳಿಯಪ್ಪನ ಟವೆಲ್

“ಯಪ್ಪಾ, ಇನ್ನೊಮ್ಮೆ ಹೇಳು. ಟವೆಲ್ ಯಾಕ ಎತ್ತಿದಿ?”

“ಬೆವರು ಬಂದಿತ್ತವ.”

“ಬೆವರು ಒರಿಸ್ಕೊಳ್ಳೋರು ಟವೆಲ್ನ ತಲಿ ಮ್ಯಾಲ ಗಿರಗಿರ ತಿರುಗಿಸ್ತಾರೇನು?”

ಗಂಗಾವತಿಯ ಕುಸ್ತಿ ಕಣದ ಪಕ್ಕದ ಮಿರ್ಚಿ ಬಂಡಿಯ ಮುಂದೆ ನನ್ನ ಕ್ಲಾಸ್‌ಮೇಟ್ ಶ್ವೇತಾ ತನ್ನ ತಂದೆಯನ್ನು ಹೀಗೆ ವಿಚಾರಣೆ ಮಾಡುತ್ತಿದ್ದಳು. ಅವಳ ಕಿವಿಯೊಳಗೆ ಇನ್ನೂ ಕೆಮ್ಮಣ್ಣಿತ್ತು. ಹೊಳಿಯಪ್ಪ ಮಿರ್ಚಿ ಕೈಯಲ್ಲಿ ಹಿಡಿದಿದ್ದರೇ ಹೊರತು ತಿನ್ನುತ್ತಿರಲಿಲ್ಲ. ನಾನು ನಗಬಾರದೆಂದು ಬಾಯ್ತುಂಬ ಮಂಡಕ್ಕಿ ತುಂಬಿಕೊಂಡಿದ್ದೆ.

ಹೊಳಿಯಪ್ಪ ವಾರದ ಆರು ದಿನ ಗಿಣಿಗೇರಾದ ಕಾರ್ಖಾನೆಯಲ್ಲಿ ಸೈರನ್ ಕೇಳಿ ಕೆಲಸ ಶುರು ಮಾಡಿ, ಸೈರನ್ ಕೇಳಿ ಮುಗಿಸುವ ಮನುಷ್ಯ. ಭಾನುವಾರ ಮಾತ್ರ ಅವರೇ ಸೈರನ್! ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಎಲ್ಲಿ ಟಿಕೆಟ್ ಕುಸ್ತಿ ನಡೆದರೂ ಕಣದಂಚಿನ ಕುರ್ಚಿ ಅವರದು. ಕೊರಳಲ್ಲಿ ಸೀಟಿ, ಅಂಗೈಯಲ್ಲಿ ಸ್ಟಾಪ್‌ವಾಚ್, ಹೆಗಲ ಮೇಲೆ ಬಿಳಿ ಟವೆಲ್. ಹರೆಯದಲ್ಲಿ ತಾವೂ ಕುಸ್ತಿ ಆಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಕಣ ಬಿಟ್ಟು ಹೋಗಲು ಮನಸ್ಸಾಗದೆ ಈ ಕುರ್ಚಿ ಹಿಡಿದರು.

ಟಿವಿಯಲ್ಲಿ ರೆಸ್ಲಿಂಗ್ ನೋಡಿ ಬೆಳೆದ ನಾನು ಇಲ್ಲೂ ಎಲ್ಲರಿಗೂ ಕಾಣುವ ದೊಡ್ಡ ಗಡಿಯಾರ ಇರುತ್ತದೆ ಅಂದುಕೊಂಡಿದ್ದೆ. ಇಲ್ಲವೇ ಇಲ್ಲ! ಹೆಣ್ಣುಮಕ್ಕಳ ಜೋಡಿಗೆ ಹದಿನೈದು ನಿಮಿಷ. ಕೊನೆಯ ನಿಮಿಷ ಬಂದಾಗ ಹೊಳಿಯಪ್ಪ ಟವೆಲ್ ಎತ್ತುತ್ತಾರೆ. ಅದನ್ನು ನೋಡಿ ಅವರ ಗೆಳೆಯ ರಸೂಲಸಾಬ ತಮ್ಮ ತಾಷಾ ವಾದ್ಯವನ್ನು ಜೋರಾಗಿ ಬಡಿಯುತ್ತಾರೆ. ಆಡುವವರಿಗೆ ಅದೇ ಗಡಿಯಾರ. ಆಮೇಲೆ ಸೀಟಿ. ಅಷ್ಟರೊಳಗೆ ಯಾರ ಬೆನ್ನೂ ಮಣ್ಣಿಗೆ ತಾಗದಿದ್ದರೆ ಬರಾಬರಿ. ಬೆಳ್ಳಿ ಕಡಗ ಮೊದಲು ಯಾರ ಕೈಯಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಕಡಗದವಳು ತಾನಾಗಿಯೇ ಮತ್ತೊಂದು ಕುಸ್ತಿಗೆ ಒಪ್ಪದಿದ್ದರೆ ಸವಾಲು ಹಾಕಿದವಳು ಮುಂದಿನ ವರ್ಷದ ತನಕ ಕಾಯಬೇಕು.

ಇವತ್ತು ಕಡಗ ತಾವರಗೇರಾದ ಮಲ್ಲೇಶ್ವರಿಯ ಕೈಯಲ್ಲಿತ್ತು, ಸವಾಲು ಶ್ವೇತಾಳದು.

ಮಗಳು ಆಡುವಾಗಲೂ ಹೊಳಿಯಪ್ಪ ಒಂದು ಚಪ್ಪಾಳೆ ತಟ್ಟಿದವರಲ್ಲ. “ಆ ಕುರ್ಚಿ ಮ್ಯಾಲ ಕುಂತಾಗ ನನಗ ಮಗಳಿಲ್ಲ ನೋಡವ,” ಎಂದು ಬೆಳಿಗ್ಗೆಯಷ್ಟೇ ನನಗೆ ಹೇಳಿದ್ದರು. ಆದರೆ ಶ್ವೇತಾ ಮಲ್ಲೇಶ್ವರಿಯ ಸೊಂಟ ಹಿಡಿದು ನಿಧಾನಕ್ಕೆ, ಭಾರೀ ನಿಧಾನಕ್ಕೆ ಮಗ್ಗುಲಾಗಿಸಿ, ಒಂದು ಭುಜ ಮಣ್ಣಿಗೆ ಒತ್ತಿದಳು ನೋಡಿ, ಅಪ್ಪನಿಗೆ ಮಗಳು ನೆನಪಾಗಿಬಿಟ್ಟಳು. ಟವೆಲ್ ತಾನಾಗಿಯೇ ಗಾಳಿಯಲ್ಲಿ ತಿರುಗಿತು!

ರಸೂಲಸಾಬ ಬಡಿದೇ ಬಡಿದರು. ಹೊಳಿಯಪ್ಪ ಗಾಬರಿಯಾಗಿ ‘ಬೇಡ, ಬೇಡ’ ಎಂದು ಟವೆಲ್ ಬೀಸಿದಷ್ಟೂ ತಾಷಾ ಇನ್ನೂ ಜೋರಾಯಿತು. ಒಂದೇ ನಿಮಿಷ ಉಳಿದಿದೆ ಎಂದು ತಿಳಿದ ಶ್ವೇತಾ ಹಿಡಿತ ಬದಲಿಸಿ ಅವಸರದಲ್ಲಿ ಎತ್ತಿ ಒಗೆಯಲು ಹೋದಳು. ಮಲ್ಲೇಶ್ವರಿ ಮೀನಿನಂತೆ ಜಾರಿಕೊಂಡಳು. ನಿಜಕ್ಕೂ ಆಗ ಇನ್ನೂ ಐದು ನಿಮಿಷವಿತ್ತು. ಆ ಐದು ನಿಮಿಷ ಇಬ್ಬರೂ ತಳ್ಳಾಡಿದ್ದೇ ಬಂತು. ಸೀಟಿ. ಬರಾಬರಿ.

“ನೀ ಬೀಸಿದಿ, ನಾ ಬಡದೆ,” ಎಂದು ತಾಷಾ ಕೊರಳಿಗೆ ಹಾಕಿಕೊಂಡೇ ಬಂಡಿಗೆ ಬಂದ ರಸೂಲಸಾಬ ಹೇಳಿದರು. “ನಂದೇನ್ ತಪ್ಪೋ ದೋಸ್ತಾ?”

“ನಿಲ್ಲಿಸು ಅಂತ ಬೀಸಿದ್ನೋ!”

“ಹಂಗಾರ ನಿಲ್ಸಾಕ ಬ್ಯಾರೆ ಬಣ್ಣದ ಟವೆಲ್ ತಗೋ.”

ಶ್ವೇತಾಗೂ ನಗು ಬಂತು. ಆದರೆ ತಡೆದುಕೊಂಡಳು. “ನಗಬ್ಯಾಡ್ರಿ ಕಾಕಾ. ನನಗ ಒಂದು ವರ್ಷ ಹೋತು.”

ಹೊಳಿಯಪ್ಪನ ಮುಖ ಸಣ್ಣಗಾಯಿತು. ಅಷ್ಟರಲ್ಲಿ ಹಿಂದಿನಿಂದ ದನಿ ಕೇಳಿತು. “ಕಾಕಾ, ನನಗೂ ಒಂದ್ ಪ್ಲೇಟ್ ಹೇಳ್ರಿ.” ಮಲ್ಲೇಶ್ವರಿ!

“ಕಡಗ ಹಾಕ್ಕೊಂಡಾಕಿ ನೀನು. ನೀನ ಕೊಡಸು,” ಎಂದಳು ಶ್ವೇತಾ.

“ಕಡಗದ್ದ ಮಾತಾಡಾಕ ಬಂದೀನಿ. ಇದನ್ನ ಹಾಕ್ಕೊಂಡು ಊರಿಗೆ ಹೋದ್ರ ಓಣ್ಯಾಗಿನ ಮಂದಿ ಎಲ್ಲಾ ಟವೆಲ್ ಬೀಸಿ ನಗ್ತಾರ. ಆಗಲೇ ಫೋನಿನ್ಯಾಗ ವಿಡಿಯೋ ಬಂದೈತಿ. ಮುಂದಿನ ಐತವಾರ ನಮ್ಮ ತಾವರಗೇರಾಕ್ಕ ಬಾ. ನಿಕಾಲಿ ಕುಸ್ತಿ. ಟೈಮಿಲ್ಲ, ಸೀಟಿ ಇಲ್ಲ. ಒಬ್ರು ಬೀಳೂತನಕ.”

ಶ್ವೇತಾ ಅವಳ ಕೈಗೆ ಕೈ ಹೊಡೆದ ಸದ್ದಿಗೆ ಬಂಡಿಯವನೇ ಬೆಚ್ಚಿಬಿದ್ದ.

“ಟೈಮಿಲ್ಲ ಅಂದ್ರ...” ಹೊಳಿಯಪ್ಪ ಕೊರಳ ಸೀಟಿ ಮುಟ್ಟಿಕೊಂಡರು. “ಅಲ್ಲಿ ನಂದೇನ್ ಕೆಲಸ?”

“ಏನೂ ಇಲ್ಲ,” ಎಂದಳು ಶ್ವೇತಾ. “ಮಂದ್ಯಾಗ ಕುಂದ್ರು. ನನ್ನ ಹೆಸರು ಹಿಡದು ಒದರು.”

“ಒದರ್ಲ್ಯಾ?”

“ಹೂಂ ಯಪ್ಪಾ. ಒದರು.”

ಹೊಳಿಯಪ್ಪ ಆಗ ಮಿರ್ಚಿ ಕಚ್ಚಿದರು. ಅಗಿಯುತ್ತ, ಸುತ್ತಲೂ ನೋಡಿ, ಮೆತ್ತಗೆ ಪ್ರಯತ್ನಿಸಿದರು: “ಹಾಕ ಶ್ವೇತಾ, ಹಾಕ...”

“ಇದು ಸೊಳ್ಳಿಗೂ ಕೇಳಂಗಿಲ್ಲ,” ಎಂದರು ರಸೂಲಸಾಬ. “ವಾರ ಪೂರ್ತಿ ರೂಢಿ ಮಾಡ್ಕೋ.”

“ಲೇ ಪಂಪಾ,” ಶ್ವೇತಾ ನನ್ನತ್ತ ತಿರುಗಿದಳು, “ಐತವಾರ ಮುಂಜಾನಿ ಬಸ್‌ಸ್ಟ್ಯಾಂಡಿಗೆ ಬಂದುಬಿಡು, ಕೂಡೇ ಹೋಗೂಣು. ನಮ್ಮಪ್ಪನ ಬಾಜೂಕ ನೀನ ಕುಂದ್ರಬೇಕು. ಟವೆಲ್ ನಿನ್ನ ಬ್ಯಾಗಿನ್ಯಾಗ ಇರಲಿ!”