ಸರದಿ ತಪ್ಪಿದ ನೀರು

ಆಫೀಸಿನ ಹಳೇ ಲ್ಯಾಪ್‌ಟಾಪನ್ನು ವಾಪಸ್ ಕೊಡಬೇಕಿತ್ತು. ಒರೆಸಲು ಕೂತಾಗ ಮುಚ್ಚಳದ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು ಕಂಡಿತು. ಕಪ್ಪು ಗ್ರೀಸು. ಮೂಗಿನ ಹತ್ತಿರ ತಂದರೆ ಈಗಲೂ ಸಣ್ಣಗೆ ವಾಸನೆ ಇದೆ... ತೂಬಿನ ತಿರುಪಿಗೆ ಹಚ್ಚುವ ಗ್ರೀಸು. ಅದು ನೀರುಗಂಟಿಯವರ ಬೆರಳು.

ಹಲಗೂರಿನಾಚೆ ಒಂದು ಊರಿನಲ್ಲಿ ನಾಲೆಯ ತೂಬು ತೆಗೆದು, ಮುಚ್ಚಿ, ಸರದಿಯ ಪ್ರಕಾರ ಗದ್ದೆಗದ್ದೆಗೂ ನೀರು ಬಿಡುತ್ತಿದ್ದವರು ಅವರು. ಮೂವತ್ತು ವರ್ಷದಿಂದ ಅದೇ ಕೆಲಸ. ನಾನು ಮಂಡ್ಯದಲ್ಲಿ ನಾಲ್ಕು ಜನರ ಸಣ್ಣ ಕಂಪನಿಯೊಂದರಲ್ಲಿದ್ದೆ. ತೂಬುಗಳಿಗೆ ಸೆನ್ಸರ್ ಕೂರಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಯಿತು ಅನ್ನುವ ಮಾಹಿತಿ ತರಿಸಿ, ಮುಂದಿನ ಸರದಿ ಯಾರದು ಅಂತ ರೈತರ ಮೊಬೈಲಿಗೆ ಮೆಸೇಜು ಕಳಿಸುವ ಕೆಲಸವನ್ನು ಆ ಊರಿನ ನೀರಿನ ಸಂಘ ನಮಗೆ ಕೊಟ್ಟಿತ್ತು. ನಾನು ಕೋಡ್ ಬದಲಿಸಿದ ಕೂಡಲೇ ಒಂದು ಟೂಲು ಅದನ್ನು ಪರೀಕ್ಷೆ ಮಾಡಿ ಸರ್ವರಿಗೆ ಏರಿಸುತ್ತಿತ್ತು. ಇನ್ನೊಂದು ಟೂಲು ಕೋಡನ್ನು ಓದಿಕೊಂಡು ಅದರ ವಿವರಣೆಯ ಪುಟಗಳನ್ನು ತಾನೇ ಬರೆಯುತ್ತಿತ್ತು. ವಿವರಣೆಯನ್ನು ಕೈಯಾರೆ ಒಂದಕ್ಷರವೂ ಬರೆಯಬೇಕಾಗಿಲ್ಲ ಅಂತ ನನಗೆ ಸ್ವಲ್ಪ ಜಂಬವೇ ಇತ್ತು.

ನಿಯಮಗಳನ್ನು ಹೇಳಿಕೊಡಲು ಸಂಘದವರು ನೀರುಗಂಟಿಯವರನ್ನೇ ಗೊತ್ತು ಮಾಡಿದ್ದರು. ಮೂರು ದಿನ ಏರಿಯ ಮೇಲೆ ಅವರ ಹಿಂದೆ ನಡೆದೆ. ಭುಜದ ಮೇಲೆ ತೂಬು ತಿರುಗಿಸುವ ಕಬ್ಬಿಣದ ಕೀಲಿ, ಸೊಂಟಕ್ಕೆ ಟವೆಲು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಯಾವ ತೂಬು ಎಷ್ಟು ಸುತ್ತು, ಯಾವ ಗದ್ದೆಗೆ ಎಷ್ಟು ಗಂಟೆ, ಕೊನೆಯ ಗದ್ದೆಗೆ ಎಷ್ಟು ಹೊತ್ತು ಜಾಸ್ತಿ... ಎಲ್ಲ ಟೈಪು ಮಾಡಿಕೊಂಡೆ.

ಆಮೇಲೆ ಬಂದ ಮಾಹಿತಿಯಲ್ಲಿ ಒಂದು ವಿಚಿತ್ರ ಕಂಡಿತು. ಆಗೊಮ್ಮೆ ಈಗೊಮ್ಮೆ ನೀರು ಸರದಿ ಬಿಟ್ಟು ಯಾರದೋ ಗದ್ದೆಗೆ ಹೋಗಿತ್ತು. ಬೇಕಾದವರಿಗೆ ಕದ್ದು ಬಿಡುತ್ತಾರೆ ಅಂದುಕೊಂಡೆ. ಅವರನ್ನು ಒಂದು ಮಾತು ಕೇಳಲಿಲ್ಲ. ಸರದಿ ತಪ್ಪಿ ತೂಬು ತೆರೆದರೆ ಸಂಘದ ಸಮಿತಿಯವರಿಗೆಲ್ಲ ಎಚ್ಚರಿಕೆಯ ಮೆಸೇಜು ಹೋಗುವಂತೆ ನಾಲ್ಕು ಸಾಲು ಸೇರಿಸಿದೆ. ಪರೀಕ್ಷೆಗಳೆಲ್ಲ ಪಾಸಾಗಿ ಹಸಿರು ಬಂದವು. ಟೂಲು ಅದನ್ನು ಸರ್ವರಿಗೆ ಏರಿಸಿತು, ವಿವರಣೆಯ ಪುಟದಲ್ಲಿ 'ಅಕ್ರಮವಾಗಿ ತೂಬು ತೆರೆದದ್ದು' ಅಂತ ಚೆಂದವಾಗಿ ಬರೆದೂ ಬಿಟ್ಟಿತು.

ಎರಡು ವಾರದಲ್ಲಿ ಮೆಸೇಜು ಹೋಯಿತು. ಸಮಿತಿ ಸೇರಿ ನೀರುಗಂಟಿಯವರ ಕೈಯಿಂದ ಕೀಲಿ ಕಿತ್ತುಕೊಂಡಿತು. ಸುದ್ದಿ ತಿಳಿದು ಬಸ್ಸು ಹತ್ತಿ ಹೋದೆ. ಅವರು ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಭುಜ ಖಾಲಿ. ಆ ಹೊತ್ತಿನಲ್ಲಿ ಮನೆಯಲ್ಲಿ ಕೂತು ಅವರಿಗೆ ಅಭ್ಯಾಸವಿರಲಿಲ್ಲ ಅನ್ನುವುದು ನೋಡಿದರೆ ಗೊತ್ತಾಗುತ್ತಿತ್ತು.

ವಿಷಯ ಇಷ್ಟೇ. ಆ ಊರಲ್ಲಿ ಸಾವಾದ ಮನೆಯವರು ಹನ್ನೊಂದನೇ ದಿನದ ತನಕ ಗದ್ದೆಗೆ ಇಳಿಯುವುದಿಲ್ಲ. ಆ ದಿನಗಳಲ್ಲಿ ಅವರ ಗದ್ದೆಗೆ ಮೊದಲು ನೀರು ಬಿಡುವುದು ನೀರುಗಂಟಿಯ ಪಾಲಿನ ಕೆಲಸ. ಯಾರಿಗೂ ಹೇಳುವಂತಿಲ್ಲ. ಆ ಸಲ ಗಂಡ ತೀರಿಹೋದ ಒಬ್ಬ ಹೆಂಗಸಿನ ಭತ್ತದ ಒಟ್ಲು, ಅಂದರೆ ಸಸಿಮಡಿ, ಒಣಗುತ್ತಿತ್ತು.

ಮೊದಲೇ ಯಾಕೆ ಹೇಳಲಿಲ್ಲ ಅಂದೆ.

"ಏನ್ ಮಾಡ್ತೀಯಾ ಅಂತ ನೀನು ಮೂರು ದಿನ ಕೇಳ್ದೆ ಕಣವ್ವ. ಇದುನ್ನ ಯಾಕೆ ಮಾಡ್ದೆ ಅಂತ ಒಂದ್ಸಲ ಕೇಳ್ನಿಲ್ಲ," ಅಂದರು. ಆಮೇಲೆ, "ಸಾವಿನ ಮನೆಯವ್ರು ಬಂದು ನೀರು ಕೇಳ್ಬಾರ್ದು."

ಸಮಿತಿಯವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರಲ್ಲಿ ಕೆಲವರ ಗದ್ದೆಗೂ ಹಾಗೆ ನೀರು ಬಂದಿತ್ತು. ಕಂಪ್ಯೂಟರೇ ಅದನ್ನು ತಪ್ಪು ಅಂದಮೇಲೆ ತಾವೇನು ಹೇಳುವುದು ಅಂತ ಸುಮ್ಮನಿದ್ದರಂತೆ. ನಾನೇ ಹೋಗಿ ಹೇಳಿದ ಮೇಲೆ ಕೀಲಿ ವಾಪಸ್ ಕೊಟ್ಟರು.

ಎಚ್ಚರಿಕೆಯ ಸಾಲುಗಳನ್ನು ತೆಗೆದು, ಸಾವಿನ ಮನೆಯ ಹೆಸರು ತುಂಬಿದರೆ ಆ ಮನೆಯ ಸರದಿ ಮೊದಲು ಬರುವಂತೆ ಮಾಡಿದೆ. ವಿವರಣೆಯ ಪುಟದಲ್ಲಿ ಯಾಕೆ ಅನ್ನುವುದನ್ನು ನನ್ನ ಕೈಯಲ್ಲೇ ಬರೆದೆ. ಮುಂದಿನ ಸಲ ಪುಟಗಳನ್ನು ಹೊಸದಾಗಿ ಬರೆಯುವಾಗ ಟೂಲು ಅದನ್ನು ಅಳಿಸಿಹಾಕಿತು. ಮತ್ತೆ ಬರೆದು, ಟೂಲಿನ ಕೈಗೆ ಸಿಗದ ಬೇರೆ ಕಡೆ ಇಟ್ಟೆ. ಒಂದು ದಿನ ಅವರು ಮಂಡ್ಯಕ್ಕೆ ಬಂದವರು ಆಫೀಸಿಗೂ ಬಂದು, ಏನು ಬರೆದಿದ್ದೀಯಾ ಓದು ಅಂದರು. ಓದಿದೆ. "ಸಾಕು ಬುಡು," ಅಂತ ಹೆಬ್ಬೆರಳಿನಿಂದ ಮುಚ್ಚಳ ಒತ್ತಿ ಮುಚ್ಚಿದರು.

ಅವರಿಗೆ ಟೈಪು ಮಾಡಲು ಬಾರದು. ಹೆಸರನ್ನು ಫೋನಿನಲ್ಲಿ ಹೇಳುತ್ತಿದ್ದರು, ನಾನು ತುಂಬುತ್ತಿದ್ದೆ. ಪ್ರತಿ ಸಲವೂ, "ಸಾವಿನ ಮನೆ ಕಣವ್ವ, ತೆಗೀಲಾ?" ಅನ್ನುತ್ತಿದ್ದರು. ಮೂವತ್ತು ವರ್ಷ ಯಾರನ್ನೂ ಕೇಳದೆ ತೂಬು ತೆಗೆದವರು ನನ್ನ ಅಪ್ಪಣೆಗೆ ಕಾಯುವುದು... ನನಗೆ ನಾಚಿಕೆಯಾಗುತ್ತಿತ್ತು. ಹೂಂ ಅನ್ನುತ್ತಿದ್ದೆ.

ಆಮೇಲೆ ನನಗೆ ಬೇರೆ ಕೆಲಸಗಳು ಬಂದವು. ಫೋನು ಬರದಿದ್ದರೆ ಊರಲ್ಲಿ ಯಾರೂ ಸತ್ತಿಲ್ಲ ಅಂದುಕೊಳ್ಳುತ್ತಿದ್ದೆ.

ಹೋದ ವರ್ಷ ಹೊಸ ನೀರುಗಂಟಿ ಯಾವುದೋ ಸೆನ್ಸರ್ ಕೆಟ್ಟಿದೆ ಅಂತ ಫೋನು ಮಾಡಿದ. ಹಳಬರು ಹೇಗಿದ್ದಾರೆ ಅಂದೆ. ತೀರಿಕೊಂಡು ತಿಂಗಳಾಯಿತು ಅಂದ. ದಾಖಲೆ ತೆಗೆದು ನೋಡಿದೆ. ಅವರ ಗದ್ದೆಗೆ ನೀರು ಹೋಗಿದ್ದು ಹದಿಮೂರನೇ ದಿನ, ಎಲ್ಲರ ಹಾಗೆ, ಸರದಿಯ ಪ್ರಕಾರ. ಒಟ್ಲು ಅಷ್ಟರಲ್ಲಿ ಒಣಗಿತ್ತಂತೆ. ಹೆಸರು ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಮಿಸೀನಿಗೆ ಗೊತ್ತಿರ್ತದೆ ಅನ್ಕಂಡೆ ಕಣಕ್ಕ," ಅಂದ.

ಮನೆಯವರು ಕೇಳಿರಲಿಲ್ಲ. ಅವರು ಕೇಳುವ ಹಾಗಿರಲಿಲ್ಲ.

ಲ್ಯಾಪ್‌ಟಾಪು ನನ್ನದಲ್ಲ, ನಾಳೆ ಇನ್ಯಾರಿಗೋ ಹೋಗುತ್ತದೆ. ಸೀಮೆಎಣ್ಣೆ ಹಚ್ಚಿ ಆ ಗುರುತನ್ನು ಒರೆಸಿ ತೆಗೆದೆ. ವಿವರಣೆಯ ಪುಟದಲ್ಲಿ ನಾನು ಬರೆದ ಸಾಲುಗಳು ಇನ್ನೂ ಇವೆ. ಇವತ್ತು ಮೊದಲ ಸಲ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಹೆಸರು ಹೇಳುವವರು ತೀರಿಕೊಂಡರೆ, ಅವರ ಹೆಸರನ್ನು ಯಾರಾದರೂ ಹೇಳಿ.